ದೂರದಿಂದ ಬರುವ ಜಾಬ್‌ಗಳಿಗೆ ಕ್ಲಸ್ಟರ್ ಸಜ್ಜುಗೊಳಿಸುವಾಗ

ಕಲಬುರಗಿಯ ನಮ್ಮ ಪ್ರಯೋಗಾಲಯದ ಸಣ್ಣ ಕ್ಲಸ್ಟರಿಗೆ (ಒಂದಾಗಿ ದುಡಿಯುವ ಕಂಪ್ಯೂಟರ್‌ಗಳ ಗುಂಪು) ಆಳಂದ, ಬೀದರ್, ಯಾದಗಿರಿಯ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಕುಳಿತೇ ಜಾಬ್, ಅಂದರೆ ಓಡಿಸಬೇಕಾದ ಲೆಕ್ಕಾಚಾರದ ಕೆಲಸ, ಕಳುಹಿಸುವಂತಾಗಬೇಕು ಎಂದು ತೀರ್ಮಾನವಾದಾಗ, ಎಲ್ಲರೂ ಮೊದಲು ಕೇಳಿದ್ದು ಫೈರ್‌ವಾಲ್‌ನಲ್ಲಿ ಯಾವ ಪೋರ್ಟ್ ತೆರೆಯಬೇಕು ಎಂದು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮುನ್ನ ಒಳಗಿನ ಯಂತ್ರಗಳ ನಡುವೆ ಒಮ್ಮತ ಮೂಡಬೇಕು.

ಜಾಬ್‌ಗಳನ್ನು ಸರದಿಯಲ್ಲಿಟ್ಟು ನೋಡ್‌ಗಳಿಗೆ (ಕ್ಲಸ್ಟರಿನ ಒಂದೊಂದು ಯಂತ್ರಕ್ಕೆ) ಹಂಚಲು ನಾವು ಬಳಸುವ ತಂತ್ರಾಂಶ ಸ್ಲರ್ಮ್, ಜಾಬನ್ನು ಓಡಿಸುವಾಗ ಬಳಕೆದಾರರ ಹೆಸರಿಗಿಂತ ಯೂಸರ್ ಐಡಿ ಸಂಖ್ಯೆಯನ್ನೇ ನಂಬುತ್ತದೆ. ಬಳಕೆದಾರರು ಒಳಬರುವ ಲಾಗಿನ್ ನೋಡ್‌ನಲ್ಲಿ 1005 ಆಗಿರುವ ವಿದ್ಯಾರ್ಥಿನಿಯ ಸಂಖ್ಯೆ ಜಾಬ್ ಓಡುವ ಕಂಪ್ಯೂಟ್ ನೋಡ್‌ನಲ್ಲಿ ಬೇರೊಬ್ಬರದಾಗಿದ್ದರೆ, ಆಕೆಯ ಕೆಲಸ ಆ ಬೇರೊಬ್ಬರ ಖಾತೆಯಲ್ಲಿ ನಡೆದುಬಿಡುತ್ತದೆ. ಆದ್ದರಿಂದ ಖಾತೆಗಳೆಲ್ಲ ಎಲ್‌ಡ್ಯಾಪ್‌ನಂತಹ (ಖಾತೆಗಳ ಕೇಂದ್ರ ಪಟ್ಟಿ) ಒಂದೇ ಮೂಲದಿಂದ ಬರಬೇಕು. ಬಳಕೆದಾರರ ಕಡತಗಳಿರುವ ಹೋಮ್ ಡೈರೆಕ್ಟರಿಯೂ, ಜಾಲದ ಮೂಲಕ ಕಡತ ಹಂಚುವ ಎನ್‌ಎಫ್‌ಎಸ್ ಮೂಲಕ ಎಲ್ಲ ನೋಡ್‌ಗಳಲ್ಲಿ ಒಂದೇ ಹಾದಿಯಲ್ಲಿ ಸಿಗಬೇಕು.

ನಮ್ಮಲ್ಲಿ ಹೆಚ್ಚು ಕಾಡುವುದು ಗಡಿಯಾರ. ನೋಡ್‌ಗಳು ಪರಸ್ಪರ ಗುರುತು ಹಚ್ಚಿಕೊಳ್ಳುವುದು ಮಂಜ್ ಎಂಬ ಸೇವೆಯ ಮೂಲಕ. ಎಲ್ಲ ನೋಡ್‌ಗಳಲ್ಲೂ ಅದರ ಕೀಲಿ ಕಡತ ಒಂದೇ ಆಗಿರಬೇಕು, ಮತ್ತು ಅದು ನೀಡುವ ಗುರುತಿನ ಆಯುಷ್ಯ ಸಾಮಾನ್ಯವಾಗಿ 5 ನಿಮಿಷ ಮಾತ್ರ. ಬೇಸಿಗೆಯಲ್ಲಿ ಯುಪಿಎಸ್ ತಾಳುವುದಕ್ಕಿಂತ ಹೆಚ್ಚು ಹೊತ್ತು ಕರೆಂಟ್ ಹೋಗಿ ಬಂದಾಗ, ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿರುವ ಹಳೆಯ ನೋಡ್ ಯಾವುದೋ ಹಿಂದಿನ ವರ್ಷದ ತಾರೀಖಿನಲ್ಲಿ ಏಳುತ್ತದೆ. ಗಡಿಯಾರ ಹೊಂದಿಸುವ ಸೇವೆಯಾದ ಕ್ರೋನಿ ಸಮಯವನ್ನು ಸರಿಪಡಿಸುವ ಮೊದಲೇ ಸ್ಲರ್ಮ್ ಸೇವೆ ಶುರುವಾದರೆ ಮಂಜ್ ಅದರ ಗುರುತನ್ನು ತಿರಸ್ಕರಿಸುತ್ತದೆ, ನೋಡ್ ಡೌನ್ ಎಂದು ಕಾಣಿಸುತ್ತದೆ. ಸೆಲ್ ಬದಲಿಸಿ, ಕ್ರೋನಿ ಹೊಂದಿಕೊಂಡ ನಂತರವೇ ಸ್ಲರ್ಮ್ ಏಳುವಂತೆ ಸರದಿ ಕಟ್ಟಬೇಕು. ಲಾಗಿನ್ ನೋಡ್‌ನಲ್ಲಿ ಮಂಜ್‌ನಿಂದ ಗುರುತು ಮಾಡಿಸಿ, ಅದನ್ನು ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಮೂಲಕ ಪ್ರತಿ ನೋಡ್‌ಗೂ ಕಳುಹಿಸಿ ಅನ್‌ಮಂಜ್‌ನಿಂದ ಬಿಡಿಸಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ಇನ್ನು ಪೋರ್ಟ್‌ಗಳ ಮಾತು. ಸ್ಲರ್ಮ್‌ನ 6817, 6818 ಒಳಜಾಲದಲ್ಲೇ ಇರಲಿ. ಹೊರಗೆ ಕಾಣಬೇಕಾದದ್ದು ಲಾಗಿನ್ ನೋಡ್‌ನ ಎಸ್‌ಎಸ್‌ಎಚ್ ಮಾತ್ರ, ಅದೂ ಪಾಸ್‌ವರ್ಡ್ ನಿಲ್ಲಿಸಿ, ಕೀಲಿಯಿಂದಷ್ಟೇ ಪ್ರವೇಶ. ಜಾಬ್ ಸಲ್ಲಿಸುವ ಎಸ್‌ಬ್ಯಾಚ್ ಆದೇಶ ಕೊಟ್ಟ ಮೇಲೆ ಜಾಬ್ ಸರದಿಯಲ್ಲಿ ಉಳಿಯುವುದರಿಂದ, ವಿದ್ಯಾರ್ಥಿಯ ಮನೆಯಲ್ಲಿ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಮೆಮೊರಿಯನ್ನೂ ಸ್ಲರ್ಮ್ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಮಾಡಬೇಕು. ತೊಗರಿಯ ಜೀನೋಮ್ ಸುಮಾರು 83 ಕೋಟಿ ಬೇಸ್ ಪೇರ್‌ಗಳಷ್ಟು ದೊಡ್ಡದು. ಅದನ್ನು ಜೋಡಿಸುವ ಎರಡು ಜಾಬ್‌ಗಳು ಕೋರ್ (ಪ್ರೊಸೆಸರ್‌ನ ಒಂದು ಘಟಕ) ಖಾಲಿ ಇದೆಯೆಂದು ಒಂದೇ ನೋಡ್‌ಗೆ ಬಿದ್ದರೆ ಎರಡೂ ಸಾಯಬಹುದು. ಹಾಗೆಂದು ಪ್ರತಿ ಕೋರಿಗೆ ಇಂತಿಷ್ಟು ಎಂಬ ಪೂರ್ವನಿಗದಿ ಮಿತಿಯನ್ನು ಬರೆಯದೆ ಬಿಟ್ಟರೆ, ಮೆಮೊರಿ ಕೇಳದ ಚಿಕ್ಕ ಜಾಬೂ ಇಡೀ ನೋಡ್‌ನ ಮೆಮೊರಿಯನ್ನು ಹಿಡಿದು ಕೂರುತ್ತದೆ.

ಖಾತೆ ಹಂಚುವ ಮೊದಲಿನ ಪರೀಕ್ಷೆಯನ್ನು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಮಾಡುವುದು ಒಳ್ಳೆಯದು, ಏಕೆಂದರೆ ಕ್ಯಾಂಪಸ್ಸಿನ ಲ್ಯಾನ್‌ನಿಂದ ಕಳುಹಿಸಿದ ಜಾಬ್ ಹೊರಗಿನ ಫೈರ್‌ವಾಲನ್ನು ಮುಟ್ಟುವುದೇ ಇಲ್ಲ.