ಹೊಳೆ ಕಲ್ಲು, ಬಿಳಿ ಟಿಕೆಟ್

17 ಮೇ 2025, ಶನಿವಾರ
ತೀರ್ಥಹಳ್ಳಿ

ವಾಷಿಂಗ್ ಮಿಷನ್ ಕಟಕಟ ಅಂದಾಗಲೇ ಅಮ್ಮನಿಗೆ ಗೊತ್ತಾಗಿದ್ದು. ಪುಟ್ಟನ ಚಡ್ಡಿ ಜೇಬಿನಲ್ಲಿ ಹದಿನಾಲ್ಕು ಕಲ್ಲು! ನಿನ್ನೆ ಅಕ್ಕ ಅವನನ್ನು ರಾಮಮಂಟಪದ ಹತ್ತಿರ ಹೊಳೆಗೆ ಕರ್ಕೊಂಡು ಹೋಗಿದ್ದಳಲ್ಲ, ಅಲ್ಲಿಯ ಸಂಪಾದನೆ.

ಬೈಗುಳಕ್ಕೆಲ್ಲ ಅವನು ಹೆದರುವ ಪೈಕಿ ಅಲ್ಲ. ಕಲ್ಲುಗಳನ್ನು ಜಗಲಿ ಮೇಲೆ ಸಾಲಾಗಿ ಒಣಗಲು ಇಟ್ಟ. ಅರ್ಧ ಗಂಟೆ ಬಿಟ್ಟು ಅಳುತ್ತಾ ಬಂದ. "ಮಾವ, ಹೊಳೇಲಿ ಇದು ಹಸಿರು ಇತ್ತು. ಈಗ ಬೂದಿ ಥರ ಆಗಿದೆ."

ಒಂದನ್ನು ನೀರಿನ ಲೋಟಕ್ಕೆ ಹಾಕಿದೆ. ಬಣ್ಣ ವಾಪಸ್ ಬಂತು, ನಡುವೆ ಕೂದಲೆಳೆಯಷ್ಟು ಬಿಳಿ ಗೆರೆಯೂ ಕಂಡಿತು. ಅಮ್ಮನ ಒಂದು ಗಾಜಿನ ಬಾಟಲಿ ಅಲ್ಲಿಗೆ ಹೋಯಿತು.

"ಜಾಗ ಇದ್ರೆ ಸಾಮಾನು ಸೇರ್ತದೆ ಮಾರಾಯ. ಅಟ್ಟ ಇಲ್ಲದ ಮನೆ ಕಟ್ಟಬೇಕಿತ್ತು" ಅಂದಳು ಅಮ್ಮ, ಹಲಸಿನ ಹಪ್ಪಳ ಮಗುಚುತ್ತಾ. ಹೇಳುವವಳು ಯಾರು ನೋಡಿ! ಅಟ್ಟದಲ್ಲಿ ಒಂದು ಡಬ್ಬಿ ತುಂಬ ಬರೀ ಮುಚ್ಚಳ ಇಟ್ಟಿದ್ದಾಳೆ. ಕೇಳಿದರೆ ಮಳೆಗಾಲಕ್ಕೆ ಬೇಕಂತೆ. ಹಪ್ಪಳ, ಉಪ್ಪುಸೊಳೆ, ಸೌದೆ ಎಲ್ಲ ಸರಿ, ಇರುವೆಯೂ ಕೂಡಿಡ್ತದೆ. ಮುಚ್ಚಳ ಎಂತಕ್ಕೆ?

ಆದರೆ ಜಾಗದ ಮಾತು ಮಧ್ಯಾಹ್ನವೆಲ್ಲ ತಲೆಯಲ್ಲೇ ಇತ್ತು. ಮನೆ ಕಟ್ಟಿ, ಒಂದು ಕಡೆ ನೆಲೆ ನಿಂತ ಮೇಲೆ ತಾನೇ ಈ ಚಾಳಿ ಬರಬೇಕು? ಹಾಗೇನಿಲ್ಲ. ದಕ್ಷಿಣ ಆಫ್ರಿಕಾದ ಕಲಹಾರಿಯಲ್ಲಿ ಗ-ಮೊಹಾನಾ ಅನ್ನುವ ಗುಡ್ಡದ ಕಲ್ಲಾಸರೆಯಲ್ಲಿ 22 ಹರಳು ಸಿಕ್ಕಿವೆ, ಬಿಳಿ ಕ್ಯಾಲ್ಸೈಟ್. ಸುಮಾರು 1,05,000 ವರ್ಷದ ಹಿಂದೆ ಯಾರೋ ಹೊತ್ತು ತಂದದ್ದು. 2021ರಲ್ಲಿ ಸುದ್ದಿಯಾಗಿತ್ತು. ಕಡಿಯೋಕೆ, ಕೆರೆಯೋಕೆ ಬಳಸಿದ ಗುರುತಿಲ್ಲ. ಸುಮ್ನೆ ಚೆಂದ ಅಂತ ತಂದಿರಬೇಕು. ನಮ್ಮ ರಾಜಸ್ಥಾನದ ಸಿಂಗಿ ತಲಾವ್‌ನಲ್ಲೂ ಆರು ಸ್ಫಟಿಕ ಸಿಕ್ಕಿವೆ, ಅವು ಇನ್ನೂ ಹಳೆಯವು. ಅಲ್ಲಿ ಯಾವ ಅಟ್ಟ ಇತ್ತು? ಊಟ ಹುಡುಕಿಕೊಂಡು ಅಲೆಯುವವನಿಗೆ ಪ್ರತಿ ಕಲ್ಲೂ ಭಾರ. ಆದರೂ ಹೊತ್ತಿದ್ದಾನೆ.

ಅಮ್ಮನಿಗೆ ಹೇಳಿದೆ. "ಅವನ ಅಮ್ಮನೂ ಬೈದಿರ್ತಾಳೆ" ಅಂದಳು.

ಸಂಜೆ ನನ್ನ ಟ್ರಂಕು ತೆಗೆದೆ. ಬಸ್ ಟಿಕೆಟ್ ಅಂಟಿಸಿದ ನೋಟ್‌ಬುಕ್ಕು ಅದರಲ್ಲೇ ಇದೆ. ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಅದನ್ನು ಮುಟ್ಟಿರಲಿಲ್ಲ. ಕಾರ್ಮಿಕರೇ ಸೇರಿ 1991ರಿಂದ ನಡೆಸಿದ ಬಸ್ಸುಗಳು, ಕೊಪ್ಪದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊನೆಕೊನೆಯ ಪುಟಗಳಲ್ಲಿ ಮಿಷನ್ ಟಿಕೆಟ್‌ಗಳೇ ಜಾಸ್ತಿ. ಒಂದರಲ್ಲೂ ಅಕ್ಷರ ಇಲ್ಲ. ಎಲ್ಲಾ ಅಳಿಸಿಹೋಗಿ ಬಿಳಿ ಚೀಟಿ. ಯಾವುದು ಯಾವ ಊರಿನದು ಅಂತ ಬೆಳಕಿಗೆ ಹಿಡಿದು ನೋಡಿದೆ. ಗೊತ್ತಾಗಲಿಲ್ಲ. ಒಲೆಗೆ ಹಾಕೋಣ ಅಂತ ಬಚ್ಚಲವರೆಗೆ ಒಯ್ದು ವಾಪಸ್ ತಂದಿಟ್ಟೆ. ಇವಕ್ಕೆ ನೀರೂ ಹಾಕುವ ಹಾಗಿಲ್ಲ.

ಗುಡುಗುತ್ತಿದೆ. ಅಮ್ಮ ಹಪ್ಪಳ ಒಳಗೆ ತಂದಳು, ಇನ್ನೂ ಹಸಿ ಇವೆಯಂತೆ.

ಅಕ್ಕ ಸೋಮವಾರ ಬೆಂಗಳೂರಿಗೆ ಹೊರಡ್ತಾಳೆ. ನೀರು ತುಂಬಿದ ಬಾಟಲಿ ಬಸ್ಸಲ್ಲಿ ಹೇಗೆ ಒಯ್ಯೋದು ಅಂತ ಪುಟ್ಟನಿಗೆ ಈಗಲೇ ಚಿಂತೆ. ಒಣ ಕಲ್ಲೇ ತಗೊಂಡು ಹೋಗು, ಅಲ್ಲಿ ನೀರು ಹಾಕಿದ್ರಾಯ್ತು ಅಂದೆ. ಅಲ್ಲಿಯ ನೀರಿಗೂ ಬಣ್ಣ ಬರ್ತದಾ ಅಂತ ಕೇಳ್ತಿದ್ದಾನೆ. ಬರ್ತದೆ ಅಂದೆ. ಬರ್ಬೇಕಲ್ಲ...