ಕತ್ತರಿಗೆ ಸಿಕ್ಕಿಯೂ ಉಳಿದ ‘ಗ್ರೀಡ್’

ಫ್ರಾಂಕ್ ನಾರಿಸ್ 1899ರಲ್ಲಿ ಪ್ರಕಟಿಸಿದ ‘ಮ್ಯಾಕ್‌ಟೀಗ್’ ಕಾದಂಬರಿಯನ್ನು ಆಧರಿಸಿ ಎರಿಕ್ ವಾನ್ ಸ್ಟ್ರೋಹೈಮ್ ನಿರ್ದೇಶಿಸಿದ, 1924ರ ಮೂಕಿ ಚಿತ್ರ ‘ಗ್ರೀಡ್’ ಅನ್ನು ಕಳೆದ ವಾರ ಮತ್ತೊಮ್ಮೆ ನೋಡಿದೆ. ಸ್ಯಾನ್ ಫ್ರಾನ್ಸಿಸ್ಕೋದ ಹಲ್ಲಿನ ವೈದ್ಯ ಮ್ಯಾಕ್‌ಟೀಗ್‌ನನ್ನು ಮದುವೆಯಾಗಲಿರುವ ಟ್ರೀನಾಳಿಗೆ ಲಾಟರಿಯಲ್ಲಿ 5,000 ಡಾಲರ್ ಬರುತ್ತದೆ. ಅಲ್ಲಿಂದಾಚೆಗೆ ಆ ಹಣದ ಒಂದು ಕಾಸನ್ನೂ ಖರ್ಚು ಮಾಡಲಾರದ ಅವಳ ಜಿಪುಣತನವು ದಾಂಪತ್ಯವನ್ನೂ ಸ್ನೇಹವನ್ನೂ ನುಂಗುತ್ತಾ ಹೋಗುತ್ತದೆ. ಚಿನ್ನದ ನಾಣ್ಯಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಅವುಗಳ ನಡುವೆ ಮಲಗುವ ಟ್ರೀನಾಳಾಗಿ ಜಾಸು ಪಿಟ್ಸ್ ಅಭಿನಯಿಸಿರುವ ರೀತಿ ನನ್ನನ್ನು ಈಗಲೂ ನಡುಗಿಸುತ್ತದೆ. ಹಾಸ್ಯ ಪಾತ್ರಗಳಿಗೆ ಹೆಸರಾದ ನಟಿ ಅವರು ಎಂಬುದನ್ನು ಇಲ್ಲಿ ನೆನೆಯಬೇಕು.

ಸ್ಟುಡಿಯೋದ ಕೃತಕ ಸೆಟ್ಟುಗಳನ್ನು ಒಲ್ಲದ ಸ್ಟ್ರೋಹೈಮ್, ಕಾದಂಬರಿ ನಡೆಯುವ ನಗರದ ನಿಜವಾದ ಬೀದಿ ಮತ್ತು ಕೋಣೆಗಳಲ್ಲಿಯೇ ಚಿತ್ರೀಕರಿಸಿ, ಕೊನೆಯ ದೃಶ್ಯಗಳಿಗಾಗಿ 1923ರ ಬೇಸಿಗೆಯಲ್ಲಿ ಇಡೀ ತಂಡವನ್ನು ಕ್ಯಾಲಿಫೋರ್ನಿಯಾದ ಮರುಭೂಮಿ ಡೆತ್ ವ್ಯಾಲಿಯ ಉರಿಬಿಸಿಲಿಗೆ ಕರೆದೊಯ್ದರು. ಎಂಟು ಗಂಟೆಗೂ ಮೀರಿದ್ದ ಮೊದಲ ಪ್ರತಿಯನ್ನು ಹಾಲಿವುಡ್‌ನ ಚಿತ್ರನಿರ್ಮಾಣ ಸಂಸ್ಥೆ ಎಂಜಿಎಂ ಎರಡು ಗಂಟೆಯ ಆಸುಪಾಸಿಗೆ ಇಳಿಸಿತು. ಕತ್ತರಿಸಿದ ಭಾಗ ಮತ್ತೆ ಸಿಗಲಿಲ್ಲ. ಇದನ್ನು ನಾನು ಸಿನಿಮಾ ಇತಿಹಾಸದ ಅತಿ ದೊಡ್ಡ ನಷ್ಟಗಳಲ್ಲಿ ಒಂದೆಂದೇ ಭಾವಿಸುತ್ತೇನೆ. 1999ರಲ್ಲಿ, ಕಳೆದುಹೋದ ದೃಶ್ಯಗಳ ಜಾಗದಲ್ಲಿ ಸ್ಥಿರಚಿತ್ರಗಳನ್ನು ಜೋಡಿಸಿ ಸುಮಾರು ನಾಲ್ಕು ಗಂಟೆಯ ರೂಪವೊಂದನ್ನು ಸಿದ್ಧಪಡಿಸಲಾಯಿತು. ಆದರೂ ನನ್ನ ಮನಸ್ಸಿನಲ್ಲಿ ಉಳಿದಿರುವುದು ಮೊಟಕುಗೊಂಡ ಪ್ರತಿಯ ಅಂತ್ಯವೇ: ನೀರಿಲ್ಲದ ಬಯಲು, ಚೆಲ್ಲಿದ ನಾಣ್ಯಗಳು, ತಾನೇ ಕೊಂದ ಗೆಳೆಯನ ಹೆಣಕ್ಕೆ ಕೈಕೋಳದಿಂದ ಬಿಗಿಯಲ್ಪಟ್ಟು ಕುಳಿತ ಮ್ಯಾಕ್‌ಟೀಗ್.