ಪೀಟರ್ಸ್‌ಬರ್ಗ್‌ಗೆ ಹೋದರೆ ಮೆಂಡಲೀವ್‌ನ ಗೋಡೆ ನೋಡದೆ ಬರಬೇಡಿ

ರಷ್ಯಾ ಪ್ರವಾಸ ಅಂದರೆ ಕ್ರೆಮ್ಲಿನ್, ಹರ್ಮಿಟೇಜ್, ಒಂದಷ್ಟು ಫೋಟೋ. ತಪ್ಪೇನಿಲ್ಲ. ಆದರೆ ಪಠ್ಯಪುಸ್ತಕದಲ್ಲಿ ಕಂಡ ವಿಜ್ಞಾನಿಗಳು, ಇಷ್ಟದ ಲೇಖಕರು ಓಡಾಡಿದ ಜಾಗ ನೋಡುವ ಆಸೆ ಇದ್ದರೆ, ಮಾಸ್ಕೋದಲ್ಲಿ ಒಂದೆರಡು ದಿನ ಕಡಿಮೆ ಮಾಡಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಕೊಡಿ. ಸಪ್ಸಾನ್ ರೈಲು ಹತ್ತಿದರೆ ಸುಮಾರು ನಾಲ್ಕು ಗಂಟೆ ಅಷ್ಟೇ.

ಊರಿಗೆ ಬಂದ ಮೇಲೆ ಮೆಟ್ರೋ ಸಾಕು. ತೆಖ್ನೊಲೊಗಿಚೆಸ್ಕಿ ಇನ್‌ಸ್ಟಿಟ್ಯೂಟ್ ನಿಲ್ದಾಣದಿಂದ ಹೊರಗೆ ಬಂದು ಮಾಸ್ಕೊವ್‌ಸ್ಕಿ ರಸ್ತೆಯಲ್ಲಿ ಸ್ವಲ್ಪ ನಡೆದರೆ ಕಟ್ಟಡವೊಂದರ ಗೋಡೆ ತುಂಬಾ ರಸಾಯನ ವಿಜ್ಞಾನಿ ಮೆಂಡಲೀವ್ ರೂಪಿಸಿದ ಧಾತುಗಳ ಆವರ್ತ ಕೋಷ್ಟಕ ಕಾಣುತ್ತದೆ. 1935ರ ಮೊಸಾಯಿಕ್. ಮೆಂಡಲೀವ್ ಬದುಕಿದ್ದಾಗ ಗೊತ್ತಿದ್ದ ಧಾತುಗಳು ಕೆಂಪು, ಆಮೇಲೆ ಸಿಕ್ಕವು ನೀಲಿ. ಅವನದೇ ಹೆಸರಿನ ಮೆಂಡಲೀವಿಯಂ ಮಾತ್ರ ಇದರಲ್ಲಿ ಇಲ್ಲ, ಅದು ಸಿಕ್ಕಿದ್ದೇ 1955ರಲ್ಲಿ! ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತ ಮೆಂಡಲೀವ್‌ನ ಪ್ರತಿಮೆ. ಟಿಕೆಟ್ ಗಿಕೆಟ್ ಏನೂ ಬೇಡ. ಮಕ್ಕಳಿದ್ದರೆ ಇಲ್ಲಿಂದ ಬೇಗ ಹೊರಡುವುದು ಕಷ್ಟ.

ಅಲ್ಲಿಂದ ಕೆಂಪು ಲೈನಿನಲ್ಲಿ ಎರಡೇ ಸ್ಟಾಪ್, ವ್ಲಾದಿಮಿರ್‌ಸ್ಕಾಯ. ಹತ್ತಿರದ ಕುಜ್ನೆಚ್ನಿ ಓಣಿಯಲ್ಲಿ ಕಾದಂಬರಿಕಾರ ದಾಸ್ತೋವ್‌ಸ್ಕಿ ಕೊನೆಯ ದಿನಗಳನ್ನು ಕಳೆದ ಮನೆ ಈಗ ಮ್ಯೂಸಿಯಂ. ದೊಡ್ಡದೇನಲ್ಲ. ಅವನ ತಂಬಾಕಿನ ಡಬ್ಬಿಯನ್ನು ಮಾತ್ರ ತಪ್ಪಿಸಬೇಡಿ. ಅದರ ಮೇಲೆ ಮಗಳು ಲ್ಯೂಬಾ, 1881ರ ಜನವರಿ 28ರಂದು ಅಪ್ಪ ತೀರಿಕೊಂಡರು ಅಂತ ಬರೆದಿದ್ದಾಳೆ. ಸೋಮವಾರ ಹೋಗಬೇಡಿ, ರಜೆ. ಹರ್ಮಿಟೇಜ್‌ಗೂ ಅದೇ ದಿನ ರಜೆ.

ನೆಲದಡಿಯಲ್ಲೇ ದೊಸ್ತೊಯೆವ್‌ಸ್ಕಾಯ ನಿಲ್ದಾಣಕ್ಕೆ ದಾಟಿ ಮತ್ತೆರಡು ಸ್ಟಾಪ್ ಹೋದರೆ ಅಲೆಕ್ಸಾಂಡರ್ ನೆವ್‌ಸ್ಕಿ ಚೌಕ. ಅಲ್ಲಿನ ಟಿಖ್ವಿನ್ ಸ್ಮಶಾನಕ್ಕೆ ಟಿಕೆಟ್ ಇದೆ. ದಾಸ್ತೋವ್‌ಸ್ಕಿ, ಸಂಗೀತ ಸಂಯೋಜಕರಾದ ಚೈಕೋವ್‌ಸ್ಕಿ, ಮುಸೋರ್ಗ್‌ಸ್ಕಿ ಎಲ್ಲರ ಸಮಾಧಿಯೂ ಇಲ್ಲೇ. ನನಗೆ ಇಷ್ಟವಾದದ್ದು ಬೊರೊದಿನ್‌ನದು. ಪ್ರತಿಮೆಯ ಹಿಂದೆ ಮೊಸಾಯಿಕ್‌ನಲ್ಲಿ ಅವನ ಸಂಗೀತದ ಸ್ವರಲಿಪಿ ಇದೆ. ಹೊಟ್ಟೆಪಾಡಿಗೆ ಅವನು ರಸಾಯನಶಾಸ್ತ್ರದ ಪ್ರೊಫೆಸರ್, ಸಂಗೀತ ಬಿಡುವಿನ ಕೆಲಸ. ಬಿಡುವೇ ಇಷ್ಟು ಫಲ ಕೊಟ್ಟರೆ ಇನ್ನೇನು ಬೇಕು, ಅಲ್ವಾ?

ಬೆಂಗಳೂರಿನವರು ವಾಸಿಲಿಯೆವ್‌ಸ್ಕಿ ದ್ವೀಪದ ರೋರಿಕ್ ಕುಟುಂಬದ ಮ್ಯೂಸಿಯಂ ನೋಡಲೇಬೇಕು. ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿ ಜೊತೆ ಬಾಳಿದ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು ಇದೇ ಊರಲ್ಲಿ, 1904ರಲ್ಲಿ. ಹೊರಡುವ ಮೊದಲು ಚಿತ್ರಕಲಾ ಪರಿಷತ್ತಿನಲ್ಲಿರುವ ಸ್ವೆತೊಸ್ಲಾವ್ ಮತ್ತು ಅವನ ಅಪ್ಪ ನಿಕೊಲಸ್ ರೋರಿಕ್ ಚಿತ್ರಗಳನ್ನು ನೋಡಿಕೊಂಡು ಹೋದರೆ ಮಜಾ ಜಾಸ್ತಿ.

ದುಡ್ಡಿನ ವಿಷಯ ಮುಖ್ಯ. ನಮ್ಮ ಬ್ಯಾಂಕುಗಳ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್‌ಗಳು 2022ರಿಂದ ಅಲ್ಲಿ ನಡೆಯುವುದಿಲ್ಲ. ಡಾಲರ್ ಒಯ್ದು ಬ್ಯಾಂಕಿನಲ್ಲಿ ರೂಬಲ್ ಮಾಡಿಸಿ. ಹರಿದ, ಗೀಚಿದ ನೋಟು ಬೇಡ. ಭಾರತೀಯರಿಗೆ ಇ-ವೀಸಾ ಇದೆ. ರಷ್ಯನ್ ಅಕ್ಷರ ಕಲಿತಿದ್ದರೆ ಮೆಟ್ರೋದಲ್ಲಿ ಯಾರನ್ನೂ ಕೇಳಬೇಕಿಲ್ಲ. ಬೇಸಿಗೆಯಲ್ಲಿ ವಾಸಿಲಿಯೆವ್‌ಸ್ಕಿ ದ್ವೀಪದಲ್ಲಿ ರೂಮ್ ಮಾಡಿದ್ದರೆ ಮಧ್ಯರಾತ್ರಿಯೊಳಗೆ ಸೇರಿಕೊಳ್ಳಿ. ಹಡಗಿಗೆ ದಾರಿ ಬಿಡಲು ನೇವಾ ನದಿಯ ಸೇತುವೆಗಳನ್ನು ಎತ್ತುತ್ತಾರೆ, ಆಮೇಲೆ ಟ್ಯಾಕ್ಸಿ ಸಿಕ್ಕರೂ ಸುಮ್ನೆ ಈಚೆ ದಡದಲ್ಲೇ ಕಾಯಬೇಕಾದೀತು.